ಅಕ್ಕನ ಬೆನ್ನ ಹಿಂದಿನ ಜನ

ಹಾಡುವವರಿಗೆ ಒಂದು ಪ್ರಸಂಗ ಆದರೆ ಕೇಳುವವರ ನಡುವೆ ಹತ್ತು ಆಗುತ್ತವೆ. ಇದು ಗಾದೆಯಲ್ಲ, ನನ್ನ ಅನುಭವ. ಹಾಡು ಕೇಳಲು ಬಂದವರ ಮಧ್ಯೆ ಕೂತು ಅವರ ಮುಖ ನೋಡುವುದೇ ಹದಿನೇಳು ವರ್ಷ ನನ್ನ ಕೆಲಸವಾಗಿತ್ತು. ಆ ಕೆಲಸ ಕೊಟ್ಟವಳು ನನ್ನ ಅಕ್ಕ. ಕಾರ್ಯಕ್ರಮ ಮುಗಿಸಿ ಮನೆಗೆ ಬಂದ ಮೇಲೆ ಇವನ್ನೆಲ್ಲ ಅವಳಿಗೆ ಹೇಳುತ್ತಿದ್ದೆ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ಅವಳಿಲ್ಲ. ಹೇಳಿ ಅಭ್ಯಾಸವಾದ ಬಾಯಿ ಸುಮ್ಮನಿರುವುದಿಲ್ಲ, ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ, ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ.

೧. ನನಗೆ ಕೆಲಸ ಸಿಕ್ಕಿದ್ದು

ಅಕ್ಕ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ಮದುವೆ ಆಗಲಿಲ್ಲ. ಚಿಕ್ಕಂದಿನಲ್ಲಿ ಅವಳು ಓದಿದ್ದು ಹಾಸ್ಟೆಲ್ ಇದ್ದ ಒಂದು ಶಾಲೆಯಲ್ಲಿ. ಅಲ್ಲಿ ಪಿಯಾನೋ ನುಡಿಸುವ ಒಬ್ಬ ವಯಸ್ಸಾದ ಟೀಚರ್ ಇದ್ದರಂತೆ, ಅವರು ಇವಳ ಕಿವಿಗೆ ಏನು ಹಾಕಿದರೋ ಏನೋ. ನಮ್ಮ ಮನೆಯವರೆಲ್ಲ ಶನಿವಾರದ ಭಜನೆಗೆ ಹೋಗುವವರು. ಇವಳೂ ಹೋಗುತ್ತಿದ್ದಳು. ಆದರೆ ಮನೆಗೆ ಬಂದ ಮೇಲೆ ಮುನ್ನೂರು ವರ್ಷದ ಹಿಂದೆ ಯುರೋಪಿನ ಚರ್ಚುಗಳಲ್ಲಿ ಹಾಡುತ್ತಿದ್ದ ಹಾಡು ಹಿಡಿದು ಕೂರುತ್ತಿದ್ದಳು. ಅದಕ್ಕೆ ಬರೋಕ್ ಸಂಗೀತ ಅನ್ನುತ್ತಾರೆ. ಅವಳಿಗೆ ಪ್ರಾಣವಾಗಿದ್ದುದು ಗುಂಪಿನಲ್ಲಿ ಹಾಡುವಂಥವು. ಹೆಂಗಸರಲ್ಲಿ ಎರಡು ದನಿ, ಗಂಡಸರಲ್ಲಿ ಎರಡು ದನಿ. ನಾಲ್ಕೂ ಬೇರೆ ಬೇರೆ ದಾರಿ ಹಿಡಿದು ಹೊರಟು ಕೊನೆಗೆ ಒಂದೇ ಊರು ಸೇರಬೇಕು.

ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಹದಿನಾರು ಜನರನ್ನು ಸೇರಿಸಿದಳು. ಇಬ್ಬರು ನರ್ಸ್, ಒಬ್ಬ ಪೋಸ್ಟ್‌ಮ್ಯಾನ್, ಕೆಲವರು ಲೆಕ್ಚರರ್, ಒಬ್ಬ ಟೈಲರ್, ಬೇಕರಿ ಇಟ್ಟಿದ್ದ ದಪ್ಪ ದನಿಯ ಒಬ್ಬ ಯಜಮಾನರು, ಹೀಗೆ. ನಾನೂ ಸೇರುತ್ತೇನೆ ಅಂದೆ. ಅಕ್ಕ ಕೀಬೋರ್ಡಿನಲ್ಲಿ ಒಂದು ಸ್ವರ ಒತ್ತಿ "ಹಾಡು" ಅಂದಳು. ಹಾಡಿದೆ. ಇನ್ನೊಂದು ಒತ್ತಿದಳು. ಹಾಡಿದೆ.

"ಎರಡಕ್ಕೂ ಒಂದನ್ನೇ ಹಾಡಿದೆ ಕಣೋ. ಅದೂ ಇವೆರಡರಲ್ಲಿ ಯಾವುದೂ ಅಲ್ಲ" ಅಂದಳು.

ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನ ಅವಳೇ ಬಂದು ಎದುರಿಗೆ ಕೂತಳು. "ಹಾಡಿಸೋವಾಗ ನನ್ನ ಮುಖ ಹಾಡೋರ ಕಡೆ ಇರತ್ತೆ, ಬೆನ್ನು ಜನದ ಕಡೆ. ಹಿಂದೆ ಏನಾಗ್ತಿದೆ ಅಂತ ನಂಗೆ ಗೊತ್ತೇ ಆಗಲ್ಲ. ನೀನು ಕೊನೇ ಸಾಲಲ್ಲಿ ಕೂತು ನೋಡ್ಕೊಂಡು ಬಂದು ಹೇಳ್ಬೇಕು. ಎಷ್ಟು ಜನ ಬಂದ್ರು ಅಂತಲ್ಲ. ಎಷ್ಟು ಜನ ಕೇಳಿದ್ರು ಅಂತ."

"ಬಂದೋರೆಲ್ಲ ಕೇಳೇ ಕೇಳ್ತಾರಲ್ಲಕ್ಕ" ಅಂದೆ, ಪೇಪರ್ ತಿರುವುತ್ತಾ.

"ನೀನೂ ದಿನಾ ನನ್ನ ಎದುರಿಗೇ ಕೂತಿರ್ತೀಯ. ನಾನು ಹೇಳಿದ್ದು ಯಾವತ್ತಾದ್ರೂ ಕೇಳಿದೀಯಾ?"

"ಏನು?" ಅಂದೆ.

೨. ಕೆಮ್ಮಿನ ಶಾಸ್ತ್ರ

ನೆಂಟರಲ್ಲಿ ಒಬ್ಬರು ಅಕ್ಕನ ಮುಖದೆದುರಿಗೇ "ಇದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಅಂದರು. ಅಕ್ಕ ಕಾಫಿ ಕೊಡುತ್ತಾ, "ಕೋಣ ಏನಂತು ಅಂತ ಇಲ್ಲೀವರೆಗೆ ಯಾರಾದ್ರೂ ಕೇಳಿದಾರಾ? ಅದಕ್ಕೇ ಇವನನ್ನ ಕೂರಿಸ್ತಿರೋದು" ಅಂದಳು.

ಆ ಕೆಲಸಕ್ಕೆ ನಾನು ಅಯೋಗ್ಯನೇನಲ್ಲ. ಊರಿನ ಒಂದು ವಾಚನಾಲಯದಲ್ಲಿ 'ಸದ್ದು ಮಾಡಬೇಡಿ' ಎಂಬ ಬೋರ್ಡಿನ ಕೆಳಗೆ ನನ್ನ ಅರ್ಧ ಆಯಸ್ಸು ಕಳೆದಿದೆ. ಸದ್ದಿನಲ್ಲಿ ನನಗೆ ಗೊತ್ತಿಲ್ಲದ್ದಿಲ್ಲ. ಕೆಮ್ಮಿನಲ್ಲೇ ನಾಲ್ಕು ಜಾತಿ. ಧೂಳಿಗೆ ಬರುವ ಕೆಮ್ಮು ನಿಜವಾದದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಬೇಸರದ ಕೆಮ್ಮು ಹಾಡು ಸಣ್ಣಗಾದ ಜಾಗದಲ್ಲೇ ಬರುತ್ತದೆ. ಮೂರನೆಯದು ಪಕ್ಕದವರು ಕೆಮ್ಮಿದರಲ್ಲ ಅಂತ ಕೆಮ್ಮುವುದು. ನಾಲ್ಕನೆಯದು ಎದ್ದು ಹೋಗುವುದಕ್ಕೆ ಮುಂಚಿನದು. ಅದು ಬಂತೆಂದರೆ ಕುರ್ಚಿ ಕೆಳಗೆ ಕಾಲು ಚಪ್ಪಲಿ ಹುಡುಕುತ್ತಿರುತ್ತದೆ, ಬೇಕಾದರೆ ಬಗ್ಗಿ ನೋಡಿ. ಇಷ್ಟನ್ನೂ ಒಂದು ನೋಟ್ ಪುಸ್ತಕದಲ್ಲಿ ಗೀಟು ಹಾಕಿಕೊಂಡು ಹೊರಟೆ.

ಮೊದಲ ಕಾರ್ಯಕ್ರಮ ತುಮಕೂರಿನಲ್ಲೇ, ಒಂದು ಸಣ್ಣ ಸಭಾಂಗಣದಲ್ಲಿ, ಸಂಜೆ ನಾಲ್ಕಕ್ಕೆ. ಬರೋಕ್ ಹಾಡುಗಳಲ್ಲಿ ಒಂದು ವಿಶೇಷವಿದೆ. ಒಂದು ದನಿ ಶುರು ಮಾಡಿ ಎರಡು ಹೆಜ್ಜೆ ಮುಂದೆ ಹೋದ ಮೇಲೆ ಇನ್ನೊಂದು ದನಿ ಅದೇ ಸಾಲನ್ನು ಮೊದಲಿಂದ ಹಿಡಿಯುತ್ತದೆ, ಆಮೇಲೆ ಮೂರನೆಯದು, ಆಮೇಲೆ ನಾಲ್ಕನೆಯದು. ಅದೇ ಅದರ ಚೆಂದ. ಅಕ್ಕ ಅಂಥ ಒಂದು ಹಾಡಿಗೆ ಏಳು ತಿಂಗಳು ಅಭ್ಯಾಸ ಮಾಡಿಸಿದ್ದಳು.

ಮುಗಿದ ಮೇಲೆ ಬಾಗಿಲಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರನ್ನು ಹಿಡಿದು ಹೇಗಿತ್ತು ಸಾರ್ ಅಂದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಫೇಲಾದ ಹುಡುಗನಿಗೆ ಹೇಳುವ ಹಾಗೆ ಹೇಳಿದರು:

"ಶುರು ಮಾಡೋದ್ರಲ್ಲಿ ಒಬ್ಬೊಬ್ರು ಒಂದೊಂದು ಹೊತ್ತಿಗೆ ಶುರು ಮಾಡಿದ್ರು. ಪರವಾಗಿಲ್ಲ, ಹೊಸಬರು. ಆದ್ರೆ ನಿಮ್ಮಕ್ಕ ಗಟ್ಟಿಗಿತ್ತಿ ಕಣಯ್ಯ. ಹೆಂಗೋ ಕೈ ಆಡಿಸಿ ಆಡಿಸಿ, ಕೊನೇಲಿ ಎಲ್ರೂ ಒಟ್ಟಿಗೇ ಮುಗಿಸೋ ಹಾಗೆ ಮಾಡಿಬಿಟ್ರಲ್ಲ!"

೩. ಮೂರನೇ ಸಾಲಿನವರು

ಅದೇ ಕಾರ್ಯಕ್ರಮದಲ್ಲಿ ಇನ್ನೊಬ್ಬರಿದ್ದರು. ಮೂರನೇ ಸಾಲು, ಗೋಡೆ ಪಕ್ಕ. ಬಿಳಿ ಷರಟು, ಐವತ್ತು ದಾಟಿದ ವಯಸ್ಸು. ಕೊನೆಯ ಹಾಡು ನಿಧಾನದ್ದು. ಅದಕ್ಕೆ ನಾವು ಮನೆಯಲ್ಲಿ 'ಮಲಗಿಸುವ ಹಾಡು' ಅನ್ನುತ್ತಿದ್ದೆವು. ಲೋಕ ಬಿಟ್ಟು ಹೋಗುತ್ತಿರುವವರಿಗೆ, ದಣಿದಿದ್ದೀಯ, ಇನ್ನು ಮಲಗು ಅಂತ ಹೇಳುವ ಹಾಡು ಅದು. ಆ ಹಾಡು ಪೂರ್ತಿ ಈ ಮನುಷ್ಯರು ಕಣ್ಣು ಮುಚ್ಚಿ ಕೂತಿದ್ದರು, ಎರಡು ಕೆನ್ನೆ ಮೇಲೂ ನೀರು ಇಳಿಯುತ್ತಿತ್ತು.

ನಾನು ಪುಸ್ತಕದಲ್ಲಿ ದೊಡ್ಡದಾಗಿ 'ಒಬ್ಬರು ಅತ್ತರು' ಎಂದು ಬರೆದೆ. ಮುಗಿದ ಮೇಲೆ ಓಡಿಹೋಗಿ ಅವರ ಕೈ ಹಿಡಿದುಕೊಂಡೆ. "ಸಾರ್, ಈ ಹಾಡು ನಿಮಗೆ ಅಷ್ಟು ಹಿಡಿಸ್ತಾ?"

"ಯಾವ ಹಾಡು?" ಅಂದರು, ಕಣ್ಣು ಬಿಡದೆ. "ಪಕ್ಕದ ಕಣ್ಣಿನ ಡಾಕ್ಟ್ರು ಡ್ರಾಪ್ಸ್ ಹಾಕವ್ರೆ ಕಣ್ರೀ. ಉರಿ ಅಂದ್ರೆ ಉರಿ. ಒಂದು ಗಂಟೆ ಎಲ್ಲಾದ್ರೂ ಕತ್ಲಲ್ಲಿ ಕಣ್ಣು ಮುಚ್ಕೊಂಡು ಕೂತ್ಕೊಳಿ ಅಂದ್ರು. ಇಲ್ಲಿ ಕತ್ಲಿತ್ತು, ಫ್ಯಾನೂ ಇತ್ತು."

ಮನೆಗೆ ಬಂದೆ. ಅಕ್ಕ ಸೀರೆ ಕೂಡ ಬದಲಾಯಿಸದೆ ಕಾಯುತ್ತಿದ್ದಳು. "ಎಷ್ಟು ಜನ ಕೇಳಿದ್ರೋ?" ಅಂದಳು. ಪುಸ್ತಕ ತೆರೆದೆ. ಅದರಲ್ಲಿ ಕೆಮ್ಮಿನ ಗೀಟುಗಳೇ ತುಂಬಿದ್ದವು, ಆ ಒಂದು ಸಾಲು ಬಿಟ್ಟರೆ. ಆ ಸಾಲನ್ನು ಓದಿಬಿಟ್ಟೆ. ಡ್ರಾಪ್ಸ್ ವಿಷಯ ಓದಲಿಲ್ಲ, ಅದನ್ನು ಬರೆದೂ ಇರಲಿಲ್ಲ.

ಅವಳು ಗೋಡೆಗೆ ಒರಗಿಕೊಂಡಳು. "ಒಬ್ರು ಸಾಕು ಕಣೋ" ಅಂದಳು. ಆಮೇಲಿನ ಹದಿನೇಳು ವರ್ಷ, ಕಾರ್ಯಕ್ರಮ ಕೆಟ್ಟಾಗಲೆಲ್ಲ, ಜನ ಬರದಿದ್ದಾಗಲೆಲ್ಲ, ಅಕ್ಕ ಆ ಮೂರನೇ ಸಾಲಿನವರನ್ನು ನೆನೆಸಿಕೊಳ್ಳುತ್ತಿದ್ದಳು. ಅವಳು ನೆನೆಸಿಕೊಂಡಾಗಲೆಲ್ಲ ಉರಿಯುತ್ತಿದ್ದದ್ದು ನನ್ನ ಕಣ್ಣು.

೪. ಕುಣಿಗಲ್‌ನ ಮುಖ್ಯ ಅತಿಥಿ

ಕುಣಿಗಲ್‌ನಲ್ಲಿ ಒಂದು ಮಹಿಳಾ ಸಮಾಜದ ವಾರ್ಷಿಕೋತ್ಸವ. ಮೊದಲ ಹಾಡು ಮುಗಿಯುತ್ತಲೇ ಸಮಾಜದ ಅಧ್ಯಕ್ಷೆ ಗಾಬರಿಯಿಂದ ಕೊನೆಯ ಸಾಲಿಗೆ ನನ್ನ ಹತ್ತಿರ ಬಂದರು. "ನಿಮ್ಮಕ್ಕನಿಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ? ಬಂದಾಗ ಚೆನ್ನಾಗೇ ಮಾತಾಡಿದ್ರಲ್ಲ. ತಿಂಡೀಲಿ ಹೆಚ್ಚುಕಮ್ಮಿ ಆಯ್ತಾ?"

"ಯಾಕಮ್ಮ?"

"ಆಗ್ಲಿಂದ ಬೆನ್ನೇ ತೋರಿಸ್ತಾವ್ರೆ! ಮುಖ್ಯ ಅತಿಥಿಗಳು ಮುಂದಿನ ಸಾಲಲ್ಲಿ ಕೂತವ್ರೆ, ಅವ್ರ ಮುಖಕ್ಕೆ ಬೆನ್ನು!"

ಹಾಡಿಸುವವರು ನಿಲ್ಲುವುದೇ ಹಾಗೆ ಅಂತ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ನಮ್ಮ ಕಡೆ ಗಣ್ಯರ ಜಾಗ ಇರುವುದು ವೇದಿಕೆ ಮೇಲೆ. ಅವರನ್ನು ಕೆಳಗೆ ಕೂರಿಸಿದ್ದೇ ತಪ್ಪಾಯಿತು ಅಂತ ಅಧ್ಯಕ್ಷೆ ತೀರ್ಮಾನಿಸಿ, ಮುಖ್ಯ ಅತಿಥಿಗಳ ಕುರ್ಚಿಯನ್ನು ಎತ್ತಿಸಿ ಹಾಡುವವರ ಹಿಂದೆ ವೇದಿಕೆ ಮೇಲೆ ಹಾಕಿಸಿಬಿಟ್ಟರು. ಈಗ ಅಕ್ಕನ ಮುಖ ಅವರಿಗೆ ನೇರ ಕಾಣುತ್ತಿತ್ತು. ಎಲ್ಲರಿಗೂ ಸಂತೋಷವಾಯಿತು.

ಎರಡನೆಯ ಹಾಡು ಶುರು. ಹೆಂಗಸರ ಎತ್ತರದ ದನಿ ಬರಬೇಕಾದಾಗ ಅಕ್ಕ ಎಡಗೈ ಮೇಲೆತ್ತಿದಳು. ಮುಖ್ಯ ಅತಿಥಿ ಎದ್ದು ನಿಂತರು. ದನಿ ಸಣ್ಣಗಾಗಲಿ ಅಂತ ಕೈ ಇಳಿಸಿದಳು. ಅವರು ಕೂತರು. ಮತ್ತೆ ಎತ್ತಿದಳು, ಮತ್ತೆ ಎದ್ದರು. ಒಂದು ಕಡೆ ಸ್ವರವನ್ನು ಉದ್ದಕ್ಕೆ ಹಿಡಿಯಲಿಕ್ಕೆಂದು ಅಂಗೈ ಚಾಚಿ ಹಾಗೇ ನಿಂತಳು. ಪಾಪ, ಅವರು ಪೂರ್ತಿ ಏಳದೆ ಪೂರ್ತಿ ಕೂರದೆ ನಡುವೆ ನಿಂತರು. ಸಭೆಯಲ್ಲಿ ಒಂದು ಕೆಮ್ಮಿಲ್ಲ, ಒಂದು ಕಾಲು ಅಲ್ಲಾಡುತ್ತಿಲ್ಲ. ಮುನ್ನೂರು ಕಣ್ಣು ವೇದಿಕೆ ಮೇಲೆ ನೆಟ್ಟಿದ್ದವು. ನಾನು ಪುಸ್ತಕದಲ್ಲಿ 'ಪೂರ್ಣ ಗಮನ' ಎಂದು ಬರೆದೆ. ಅದು ಸುಳ್ಳಲ್ಲ.

ಹಾಡು ಮುಗಿದ ಮೇಲೆ ಅವರ ಭಾಷಣ. ಬೆವರು ಒರೆಸಿಕೊಂಡು ಅಂದರು: "ನಾನು ಜೀವನಪೂರ್ತಿ ಸರ್ಕಾರಿ ಸೇವೆ ಮಾಡ್ದೋನು. ಎಂಥೆಂಥಾ ಸಾಹೇಬ್ರನ್ನ ನೋಡಿದೀನಿ. ಯಾರೂ ನನ್ನ ಇಷ್ಟು ಸಲ ಎಬ್ಬಿಸಿ ಕೂರಿಸಿರಲಿಲ್ಲ!"

೫. ಗುಬ್ಬಿಯ ಒನ್ಸ್ ಮೋರ್

ಗುಬ್ಬಿ ನಾಟಕದ ಊರು. ಅಲ್ಲಿ ಜನಕ್ಕೆ ಕೇಳುವುದು ಹೇಗೆ ಅಂತ ಯಾರೂ ಕಲಿಸಬೇಕಾಗಿಲ್ಲ. ಅಕ್ಕನಿಗೂ ಆ ಊರಿನ ಮೇಲೆ ಭಾರಿ ಆಸೆಯಿತ್ತು. ಕೊನೆಗೆ ಮಲಗಿಸುವ ಹಾಡನ್ನೇ ಇಟ್ಟಳು. ಆ ಹಾಡು ಮುಗಿದ ಮೇಲೂ ಅವಳು ಕೈ ಇಳಿಸುತ್ತಿರಲಿಲ್ಲ. ಹತ್ತು ಉಸಿರು ಎಳೆಯುವಷ್ಟು ಹೊತ್ತು ಮೌನ ಇರಬೇಕು, ಆ ಮೌನವೂ ಹಾಡಿನದೇ ಭಾಗ ಅನ್ನುತ್ತಿದ್ದಳು.

ಮೂರನೇ ಉಸಿರಿಗೆ ಮಧ್ಯದ ಸಾಲಿನಿಂದ ಒಂದು ಕಂಚಿನ ಕಂಠ ಎದ್ದಿತು. "ಒನ್ಸ್ ಮೋರ್!"

ನೋಡಿದರೆ ನಿಟ್ಟೂರಿನಿಂದ ಬಂದಿದ್ದ ಒಬ್ಬ ತಾತ. ಬಿಳಿ ಪಂಚೆ, ಹೆಗಲ ಮೇಲೆ ಟವಲ್. ಹರೆಯದಿಂದಲೂ ಒಂದು ಕಂಪನಿ ನಾಟಕವನ್ನೂ ಬಿಟ್ಟವರಲ್ಲವಂತೆ. ಅಕ್ಕನ ಭುಜ ಎರಡೂ ಕಿವಿಯವರೆಗೆ ಎದ್ದವು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ಹಾಡಿನ ಜಾಗದಲ್ಲೇ ನಿಂತು ಜನದ ಕಡೆ ತಿರುಗಿದಳು.

"ತಾತ, ಇದು ಸಾವಿನ ಹಾಡು. ಎರಡು ಸಲ ಸಾಯೋಕಾಗಲ್ಲ" ಅಂದಳು.

"ಯಾಕಾಗಲ್ಲವ್ವ?" ಅಂದರು ತಾತ, ನಿಜಕ್ಕೂ ಆಶ್ಚರ್ಯಪಟ್ಟು. "ನಮ್ ನಾಟ್ಕದಲ್ಲಿ ರಾಜ ಬಾಣ ಚುಚ್ಕೊಂಡು ಸತ್ತು ಬಿದ್ದಿರೋನು. ನಾವು ಒನ್ಸ್ ಮೋರ್ ಅಂದೇಟ್ಗೆ ಎದ್ದು, ಬಾಣ ಕಿತ್ತು ಪಕ್ಕಕ್ಕಿಟ್ಟು, ಮೊದ್ಲಿಂದ ಹಾಡಿ, ಬಾಣ ಚುಚ್ಕೊಂಡು ತಿರ್ಗಾ ಸಾಯೋನು. ಒಂದೊಂದ್ ದಪ ಮೂರು ಸಲ!"

ಸಭೆಯೆಲ್ಲ ಗೊಳ್ಳೆಂದಿತು. ಅಕ್ಕ ಹಾಡಿಸಲಿಲ್ಲ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದವಳು ಮನೆಯ ಗೇಟು ತೆರೆಯುವಾಗ, "ಹಾಡಿಬಿಡಬೇಕಿತ್ತೇನೋ. ಇಷ್ಟು ವರ್ಷಕ್ಕೆ ಇನ್ನೊಂದು ಸಲ ಬೇಕು ಅಂದವರು ಅವರೊಬ್ರೇ" ಅಂದಳು. "ಮೂರನೇ ಸಾಲಿನವರು ಕೂಡ ಕೇಳಿರಲಿಲ್ಲ."

ನಾನು ಗೇಟಿನ ಚಿಲಕ ಸರಿಯಿಲ್ಲ ಅಂತ ಅದನ್ನೇ ನೋಡುತ್ತಾ ನಿಂತೆ.

೬. ಹಾಗಲವಾಡಿಯ ಅಜ್ಜಿ

ಗುಬ್ಬಿಯಲ್ಲಿ ಹಾಡು ಕೇಳಿದ್ದ ಹಾಗಲವಾಡಿಯ ರೈತರೊಬ್ಬರು ಅಭ್ಯಾಸದ ಹೊತ್ತಿಗೆ ಮನೆ ಹುಡುಕಿಕೊಂಡು ಬಂದರು. ಅವರ ತಂದೆ ತೀರಿಕೊಂಡಿದ್ದರು. "ಹನ್ನೊಂದ್ನೇ ದಿನದ ಕಾರ್ಯಕ್ಕೆ ಭಜ್ನೆಯೋರು ಸಿಕ್ಕಿಲ್ಲ. ನಿಮ್ದೂ ಸಾವಿನ ಹಾಡೇ ಅಂದ್ರಲ್ಲ ಮೇಡಂ, ಬಂದ್ಬುಡಿ."

ಲೆಕ್ಚರರ್‌ಗಳು ಮುಖ ಮುಖ ನೋಡಿಕೊಂಡರು. ಅಕ್ಕ ಮಾತ್ರ "ಬರ್ತೀವಿ" ಅಂದಳು.

ರಾಗಿ ಹೊಲದ ಪಕ್ಕದ ಶಾಮಿಯಾನದ ಕೆಳಗೆ ಮಲಗಿಸುವ ಹಾಡು ಶುರುವಾಯಿತು. ನಾಲ್ಕು ಸಾಲು ಆಗುತ್ತಲೇ ಮನೆಯ ಹೆಂಗಸರು ಅಳಲು ಶುರು ಮಾಡಿದರು. ಬಾಯಿ ಮುಚ್ಚಿಕೊಂಡಲ್ಲ, ನಮ್ಮ ಕಡೆ ಸತ್ತ ಮನೆಯಲ್ಲಿ ಅಳುವ ಹಾಗೆ, ಹೋದವರ ಗುಣವನ್ನೆಲ್ಲ ಹೇಳಿಕೊಂಡು ಗಟ್ಟಿಯಾಗಿ. ನಮ್ಮ ಹದಿನಾರು ಜನರ ದನಿ ಅದರಲ್ಲಿ ಮುಳುಗೇಹೋಯಿತು. ನಾನು ಅಕ್ಕನ ಬೆನ್ನು ನೋಡಿದೆ. ಸಿಟ್ಟಿಲ್ಲ. ಅವಳ ಕೈ ಅಳುವಿನ ಏರಿಳಿತಕ್ಕೆ ಸರಿಯಾಗಿ ಹಾಡಿಸುತ್ತಿತ್ತು.

ಊಟಕ್ಕೆ ಎಲೆ ಹಾಕಿದ ಮೇಲೆ ಆ ಮನೆಯ ಅಜ್ಜಿ, ಅಂದರೆ ತೀರಿಕೊಂಡವರ ಹೆಂಡತಿ, ಅಕ್ಕನ ಸೆರಗು ಹಿಡಿದು ಎಳೆದರು. "ನಂದಕ್ಕೂ ನೀನೇ ಬರ್ಬೇಕು ಕಣವ್ವ."

ಅಕ್ಕ "ಆಗಲಿ ಅಜ್ಜಿ" ಅಂದಳು.

"ನಂದಕ್ಕೆ ಯಾವ್ದು ಹಾಡೀಯೆ?"

"ಇದನ್ನೇ."

ಅಜ್ಜಿ ಸೆರಗು ಬಿಡಲಿಲ್ಲ. "ಆವತ್ತು ನಂಗೆ ಕೇಳ್ಸಾಕಿಲ್ವಲ್ಲ. ಎಲ್ರೂ ಕೇಳ್ತಾರೆ, ನಾನೊಬ್ಳೇ ಕೇಳಾಂಗಿಲ್ಲ. ಯಾವ ನ್ಯಾಯ? ಈಗ್ಲೇ ಹಾಡ್ಬುಡು."

ಮಗ "ಏಯ್ ಸುಮ್ಕಿರವ್ವ, ಅನ್ನ ಆರೋಯ್ತದೆ" ಅಂದ. ಅಕ್ಕ ಕೇಳಲಿಲ್ಲ. ಎಲೆ ಮುಂದೆ ಕೂತಿದ್ದ ನಮ್ಮವರನ್ನು ಎಬ್ಬಿಸಿ ಇನ್ನೊಂದು ಸಲ ಹಾಡಿಸಿದಳು. ಅಜ್ಜಿ ಗಲ್ಲಕ್ಕೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ಮಗನಿಗೆ, "ಚೆನ್ನಾಗೈತೆ. ಆದ್ರೆ ನಾನೀಗ್ಲೇ ಸಾಯಾಕಿಲ್ಲ ಬುಡು" ಅಂದು ಎಲ್ಲರಿಗಿಂತ ಮೊದಲು ಊಟಕ್ಕೆ ಕೂತರು.

ವಾಪಸ್ ಬರುವಾಗ ವ್ಯಾನಿನಲ್ಲಿ ಅಕ್ಕ ಕೆಮ್ಮಿದಳು. ಗುಬ್ಬಿ ದಾಟುವವರೆಗೂ ಕೆಮ್ಮಿದಳು. ಶಾಮಿಯಾನದ ಧೂಳು ಅಂದೆ ನಾನು. ನಾಲ್ಕು ಜಾತಿಯ ಕೆಮ್ಮು ಬಲ್ಲ ಪಂಡಿತ ನಾನು, ಐದನೆಯದು ಪಕ್ಕದ ಸೀಟಿನಲ್ಲೇ ಕೂತಿದ್ದರೂ ನನಗೆ ಗೊತ್ತಾಗಲಿಲ್ಲ. ಆ ಒಂದು ತಪ್ಪನ್ನು ನನಗೆ ಇವತ್ತಿಗೂ ಕ್ಷಮಿಸಿಕೊಳ್ಳಲು ಆಗಿಲ್ಲ.

೭. ಎರಡೂ ಕಣ್ಣು

ಕಾಯಿಲೆ ಶ್ವಾಸಕೋಶದ್ದು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದರೆ ಅಕ್ಕ, "ಹೊರಗೆ ಕರ್ಕೊಂಡು ಹೋದ್ರು ಅಂದ್ಮೇಲೆ ನಂಗೇ ಮೊದಲು ಗೊತ್ತಾಯ್ತು" ಅಂದಳು. ಮನೆಗೆ ಕರೆತಂದೆವು. ಕಿಟಕಿ ಪಕ್ಕ ಮಂಚ ಹಾಕಿದೆ. ಹದಿನಾರು ಜನ ಪಕ್ಕದ ಕೋಣೆಯಲ್ಲೇ ಅಭ್ಯಾಸ ಮಾಡುತ್ತಿದ್ದರು, ಅವಳು ಮಲಗಿದಲ್ಲೇ ಬೆರಳಾಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅಂದಳು: "ಆ ಮೂರನೇ ಸಾಲಿನವರನ್ನ ಹುಡುಕಿ ಕರ್ಕೊಂಡು ಬರ್ತೀಯಾ? ಒಂದು ಸಲ ಮುಖ ನೋಡ್ಬೇಕು. ಅವತ್ತು ಬೆನ್ನು ತಿರುಗಿಸ್ಕೊಂಡಿದ್ದೆ."

ಯಾರನ್ನಾದರೂ ಒಬ್ಬರನ್ನು ಬಿಳಿ ಷರಟು ಹಾಕಿಸಿ ಕರೆತರಬಹುದಿತ್ತು. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವಳ ಕಣ್ಣು ನೋಡಿ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕಣ್ಣಿನ ಡಾಕ್ಟರು, ಡ್ರಾಪ್ಸು, ಕತ್ತಲು, ಫ್ಯಾನು.

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಹಂಗಾದ್ರೆ ಯಾರೂ ಕೇಳೇ ಇಲ್ವಾ?" ಅಂದಳು.

"ನಾನು ಕೇಳಿದೀನಿ."

"ನೀನು ಕೇಳಲ್ಲ ಕಣೋ. ಬರ್ಕೋತೀಯ."

ಆ ಕಡೆ ತಿರುಗಿ ಮಲಗಿದಳು. ಹದಿನೇಳು ವರ್ಷ ಕೊನೆಯ ಸಾಲಿನಿಂದ ನೋಡಿದ್ದ ಅದೇ ಬೆನ್ನು. ಅಷ್ಟು ಸಣ್ಣದಾಗಿದೆ ಅಂತ ನನಗೆ ಆಗಲೇ ಗೊತ್ತಾದದ್ದು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ ಕಾಫಿ ಹೊತ್ತಿಗೆ ಅವಳೇ ಕರೆದಳು. "ಲೋ, ಡ್ರಾಪ್ಸ್ ಯಾವ ಕಣ್ಣಿಗೆ ಹಾಕಿದ್ರು?"

"ಎರಡಕ್ಕೂ ಅಕ್ಕ."

"ಛೆ" ಅಂದಳು. "ಒಂದಕ್ಕೇ ಹಾಕಿದ್ರೆ, ಇನ್ನೊಂದು ಕಣ್ಣಿನ ನೀರು ನಂದು ಅನ್ಕೋಬಹುದಿತ್ತು."

ಇಬ್ಬರೂ ಕಾಫಿ ಚೆಲ್ಲುವ ಹಾಗೆ ನಕ್ಕೆವು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ನನ್ನ ಕೈ ಹಿಡಿದು ಹೇಳಿದಳು: "ನಾನು ಹೋದ್ಮೇಲೆ ಇವರು ಆ ಹಾಡು ಹಾಡ್ತಾರೆ. ಅವತ್ತು ನಿಜ ಬರಿ. ಯಾರೂ ಕೇಳ್ಲಿಲ್ಲ ಅಂದ್ರೆ ಯಾರೂ ಇಲ್ಲ ಅಂತಲೇ ಬರಿ. ಆಮೇಲೆ ನಿಟ್ಟೂರಿನ ತಾತನಿಗೆ ಹೇಳಿಕಳಿಸು. ಅವರಿಗೆ ಒಂದು ಹಾಡು ಬಾಕಿ ಉಳಿಸ್ಕೊಂಡಿದೀನಿ."

೮. ಕೊನೆಯ ವರದಿ

ಕಾರ್ಯವೆಲ್ಲ ಮುಗಿದ ಮೇಲಿನ ಭಾನುವಾರ ಬೆಳಿಗ್ಗೆ, ಮೊದಲ ಕಾರ್ಯಕ್ರಮ ನಡೆದ ಅದೇ ಸಭಾಂಗಣ. ಹದಿನಾರು ಜನ ನಿಂತರು. ಅಕ್ಕ ಹಾಳೆ ಇಟ್ಟುಕೊಳ್ಳುತ್ತಿದ್ದ ಸ್ಟ್ಯಾಂಡ್ ಎದುರಿಗಿತ್ತು, ಅದರ ಹಿಂದೆ ಯಾರೂ ಇರಲಿಲ್ಲ. ನಾನು ಕೊನೆಯ ಸಾಲಿನಲ್ಲಿ ಪುಸ್ತಕ ತೆರೆದು ಕೂತೆ. ನಿಟ್ಟೂರಿನ ತಾತ ರೈಲಿಗೆ ಬಂದಿದ್ದರು. ಮೂರನೇ ಸಾಲು, ಗೋಡೆ ಪಕ್ಕ. ನಾನು ಕೂರಿಸಿದ್ದಲ್ಲ, ಅವರೇ ಹೋಗಿ ಕೂತದ್ದು.

ಬೇಕರಿ ಯಜಮಾನರು ತಲೆಯಾಡಿಸಿದರು, ಹಾಡು ಶುರುವಾಯಿತು. ನಾನು ಕೆಮ್ಮಿಗೆ ಕಾದೆ. ಬರಲಿಲ್ಲ. ಚಪ್ಪಲಿ ಹುಡುಕುವ ಕಾಲಿಗೆ ಕಾದೆ. ಅದೂ ಇಲ್ಲ. ಬರೆಯಲು ಏನೂ ಇಲ್ಲದೆ ಕೂತಾಗ, ನೀನು ಕೇಳಲ್ಲ, ಬರ್ಕೋತೀಯ ಅಂದಿದ್ದ ಅವಳ ಮಾತು ನೆನಪಾಯಿತು. ಪುಸ್ತಕ ಮುಚ್ಚಿದೆ. ಹದಿನೇಳು ವರ್ಷದಲ್ಲಿ ಆ ಹಾಡನ್ನು ನಾನು ಕೇಳಿದ್ದು ಅವತ್ತೇ. ಎಷ್ಟು ಚೆನ್ನಾಗಿದೆ ಅಂತ ಹೇಳೋಣವೆಂದರೆ ಹೇಳಬೇಕಾದವಳು ಇಲ್ಲ.

ಹಾಡು ನಿಂತಿತು. ಕೈ ಎತ್ತಿ ಹಿಡಿಯುವವರು ಯಾರೂ ಇಲ್ಲದಿದ್ದರೂ ಮೌನ ಹಾಗೇ ಉಳಿಯಿತು. ಒಂದು ಉಸಿರು, ಎರಡು, ಐದು, ಹತ್ತು. ಪೂರ್ತಿ ಹತ್ತು ಆದ ಮೇಲೆ ಆ ಕಂಚಿನ ಕಂಠ.

"ಒನ್ಸ್ ಮೋರ್!"

ಯಾರೋ ಶ್ ಅಂದರು. ತಾತ ಎದ್ದು ನಿಂತರು. "ಎರಡ್ಸಲ ಸಾಯೋಕಾಗಲ್ಲ ಅಂದಿದ್ಲು ಆಯವ್ವ. ಅವ್ಳ ಮಾತು ಅವ್ಳು ಉಳಿಸ್ಕೊಂಡ್ಳು, ಒಂದೇ ಸಲ ಹೋದ್ಳು. ಹಾಡಕ್ಕೇನಪ್ಪ ಅಡ್ಡಿ? ಹಾಡ್ರಿ."

ಹದಿನಾರು ಜನ ಖಾಲಿ ಜಾಗ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಯಾಕೆ ಎದ್ದೆನೋ ಗೊತ್ತಿಲ್ಲ, ನಡೆದುಹೋಗಿ ಸ್ಟ್ಯಾಂಡಿನ ಹಿಂದೆ ನಿಂತೆ. ಅಕ್ಕ ಎತ್ತುತ್ತಿದ್ದ ಹಾಗೆ ಎಡಗೈ ಎತ್ತಿದೆ. ಅವರು ಹಾಡಿದರು. ಎತ್ತಿದ ಕೈಯನ್ನು ಆಮೇಲೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ, ಅದು ತನಗೆ ತೋಚಿದ ಕಡೆ ಹೋಯಿತು. ಆಮೇಲೆ ಬೇಕರಿ ಯಜಮಾನರು ಹೇಳಿದರು, ನನ್ನನ್ನು ನೋಡಿದರೆ ತಾಳ ತಪ್ಪುತ್ತದೆಂದು ಹದಿನಾರು ಜನವೂ ಕಣ್ಣು ಮುಚ್ಚಿಕೊಂಡು ಹಾಡಿದರಂತೆ.

ಕೈ ಇಳಿಸಿದ ಮೇಲೆ ಪುಸ್ತಕ ನೆನಪಾಯಿತು. ನಿಜ ಬರಿ ಅಂದಿದ್ದಳು. ಈ ಸಲ ನನ್ನ ಬೆನ್ನು ಜನದ ಕಡೆಗಿತ್ತು, ಯಾರು ಏನು ಮಾಡಿದರು ಅಂತ ನಾನು ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಅವಳು ಪ್ರತಿ ಸಲ ಹೀಗೇ ನಿಂತಿದ್ದಳಲ್ಲ ಅಂತ ಆಗ ಅನ್ನಿಸಿತು.

ಪುಸ್ತಕ ಹಿಡಿದು ಮೂರನೇ ಸಾಲಿಗೆ ಹೋದೆ. ತಾತ ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಎರಡು ಕೆನ್ನೆಯೂ ಒದ್ದೆ. ಒಂದು ಸಲ ಮೋಸ ಹೋದವನು ನಾನು, ಮೊದಲು ವಿಚಾರಿಸಿದೆ.

"ತಾತ, ಬೇಜಾರು ಮಾಡ್ಕೋಬೇಡಿ. ಇಲ್ಲೇ ಪಕ್ಕದಲ್ಲಿ ಕಣ್ಣಿನ ಡಾಕ್ಟ್ರು ಇದಾರೆ. ಕಣ್ಣಿಗೆ ಡ್ರಾಪ್ಸ್ ಗೀಪ್ಸ್ ಏನಾದ್ರೂ ಹಾಕಿಸ್ಕೊಂಡು ಬಂದ್ರಾ?"

"ಏನ್ಲಾ ಹಂಗಂದ್ರೆ? ಡ್ರಾಪ್ಸೂ ಇಲ್ಲ ಗೀಪ್ಸೂ ಇಲ್ಲ. ನನ್ ಕಣ್ಣು ಚೆನ್ನಾಗವೆ."

ಅಲ್ಲೇ ನಿಂತು ಪುಸ್ತಕದಲ್ಲಿ ಬರೆದೆ. 'ಒಬ್ಬರು ಅತ್ತರು. ವಿಚಾರಿಸಲಾಗಿದೆ.' ಅಕ್ಷರ ಮಂಜಾಗಿ ಕಾಣುತ್ತಿತ್ತು. ಆದರೂ ವರದಿ ಪೂರ್ತಿಯಾಗಿರಬೇಕಲ್ಲ. "ಎರಡನೇ ಸಲದ್ದು ಹೆಂಗಿತ್ತು ತಾತ?" ಅಂತ ಕೇಳಿದೆ.

ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಿದ್ದೇನೆ. ಅದೇ ಆ ಪುಸ್ತಕದ ಕೊನೆಯ ಸಾಲು.

"ಎಲ್ಲಿ ಕಂಡ್ತು? ನೀನ್ ಅಡ್ಡ ನಿಂತಿದ್ಯಲ್ಲ!"